ಹಳೆ ಬುಲೆಟ್, ಎಡಗಡೆ ಸೈಡ್‌ಕಾರ್: ಬಿಚ್ಚುವುದರಿಂದ ಓಡಿಸುವವರೆಗೆ

ಸಕಲೇಶಪುರದ ಹತ್ತಿರ ನನ್ನ ಸೋದರಮಾವನ ಕಾಫಿ ತೋಟ ಇದೆ. ಅಲ್ಲಿನ ಗೋದಾಮಿನಲ್ಲಿ ಮೂಟೆಗಳ ಹಿಂದೆ 1967ರ ಬುಲೆಟ್ ಒಂದು ನಿಂತಿತ್ತು. ಎಡಗಡೆ ಸೈಡ್‌ಕಾರ್. ಅದರ ಸೀಟಿನ ಮೇಲೆ ಕೋಳಿ ಕಾವಿಗೆ ಕೂತಿತ್ತು. ಕೇಳಿದ ತಕ್ಷಣ ಮಾವ ಕೊಟ್ಟರು. ಒಂದೇ ಮಾತು ಹೇಳಿದರು: "ತಗೊಂಡು ಹೋಗೋ. ಆದ್ರೆ ಹೊಸ ಗಾಡಿ ಮಾಡಬೇಡ. ಇದನ್ನೇ ಓಡೋ ಹಾಗೆ ಮಾಡು."

ಈ ಕೆಲಸಕ್ಕೆ ನನಗೆ ಎರಡೂವರೆ ವರ್ಷ ಹಿಡಿಯಿತು. ಮಾವ ಹೇಳಿದ ಮಾತಿನ ಅರ್ಥ ಪೂರ್ತಿ ಗೊತ್ತಾಗಿದ್ದು ಅರ್ಧ ಕೆಲಸ ಮುಗಿದ ಮೇಲೆ. ಅಷ್ಟು ಹೊತ್ತಿಗೆ ಕೆಲವು ಒಳ್ಳೆಯ ಹಳೆ ಸಾಮಾನುಗಳನ್ನು ಗುಜರಿಗೆ ಹಾಕಿಬಿಟ್ಟಿದ್ದೆ. ನಿಮಗೆ ಹಾಗಾಗಬಾರದು ಅಂತ ನಾನು ಮಾಡಿದ ಕೆಲಸವನ್ನು ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ. ನನ್ನದು 350 ಸಿಸಿ ಬುಲೆಟ್. ಜಾವಾ, ರಾಜದೂತ್ ಇದ್ದವರಿಗೆ ಇಂಜಿನ್ ಭಾಗ ಬೇರೆಯಾಗುತ್ತದೆ. ಉಳಿದದ್ದು ಬಹುಪಾಲು ಅದೇ.

ಮೊದಲು ಆರ್‌ಸಿ, ಆಮೇಲೆ ಸ್ಪ್ಯಾನರ್

ಒಂದು ನಟ್ಟು ಬಿಚ್ಚುವ ಮೊದಲೇ ಕಾಗದ ನೋಡಿ. ಚಾಸಿ ನಂಬರ್ ಹ್ಯಾಂಡಲ್ ಕೆಳಗೆ ಫ್ರೇಮಿನ ತಲೆಯ ಹತ್ತಿರ ಇರುತ್ತದೆ. ಇಂಜಿನ್ ನಂಬರ್ ಕ್ರ್ಯಾಂಕ್‌ಕೇಸ್ (ಇಂಜಿನ್ನಿನ ಕೆಳಭಾಗದ ಎರಕದ ಪೆಟ್ಟಿಗೆ) ಮೇಲೆ. ಎರಡನ್ನೂ ಒದ್ದೆ ಬಟ್ಟೆಯಿಂದ ಒರೆಸಿ. ಅದರ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಳ್ಳಿ, ಫೋಟೋನೂ ತೆಗೆಯಿರಿ. ಆರ್‌ಸಿಯಲ್ಲಿರುವ ನಂಬರಿಗೆ ಹೊಂದದಿದ್ದರೆ ಅಲ್ಲೇ ನಿಲ್ಲಿಸಿ, ಮೊದಲು ಆರ್‌ಟಿಒ ಕೆಲಸ ಮುಗಿಸಿಕೊಳ್ಳಿ.

1988ರ ಮೋಟಾರು ವಾಹನ ಕಾಯ್ದೆಯಲ್ಲಿ 'ಮೋಟಾರ್ ಸೈಕಲ್' ಅನ್ನುವ ವ್ಯಾಖ್ಯೆಯೊಳಗೇ ಬಿಚ್ಚಿ ಹಾಕಬಹುದಾದ ಸೈಡ್‌ಕಾರ್ ಕೂಡ ಸೇರಿದೆ. ಆದರೂ ನಿಮ್ಮ ಆರ್‌ಸಿಯಲ್ಲಿ ಸೈಡ್‌ಕಾರ್ ನಮೂದಾಗಿದೆಯಾ ನೋಡಿಕೊಳ್ಳಿ. ಹೊಸದಾಗಿ ಜೋಡಿಸುವುದಾದರೆ ಅದು ವಾಹನದ ಮಾರ್ಪಾಡು ಅನ್ನಿಸಿಕೊಳ್ಳುತ್ತದೆ. ಮೊದಲೇ ಅನುಮತಿ ತೆಗೆದುಕೊಳ್ಳುವುದು ಕ್ಷೇಮ.

2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಬೇರೆ ನಿಯಮ ತಂದಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು. ಚಾಸಿ, ಇಂಜಿನ್, ಬಾಡಿಯಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷ ಊರ್ಜಿತ, ನಂಬರಿನಲ್ಲಿ 'ವಿಎ' ಅಕ್ಷರ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ದಿನಾ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು, ಇಷ್ಟಕ್ಕೆ ಮಾತ್ರ. ಹಳೆ ನೋಂದಣಿ ಜೀವಂತವಾಗಿದ್ದರೆ ಹಳೆ ನಂಬರನ್ನೇ ಉಳಿಸಿಕೊಳ್ಳಬಹುದು. ಮೈಸೂರು ರಾಜ್ಯ ಇನ್ನೂ ಕರ್ನಾಟಕ ಆಗಿರದ ಕಾಲದ ನಂಬರ್ ನಿಮ್ಮ ಗಾಡಿಗೆ ಇದ್ದರೆ ದಯವಿಟ್ಟು ಬಿಡಬೇಡಿ. ಯಾವ ಬಿಡಿಭಾಗಕ್ಕಿಂತಲೂ ಅದು ಅಪರೂಪ.

ಯಾವ ಕಾಲದ ಗಾಡಿ ಅಂತ ಗೊತ್ತು ಮಾಡಿಕೊಳ್ಳಿ

ಬುಲೆಟ್ ತಯಾರಿಸುವ ರಾಯಲ್ ಎನ್‌ಫೀಲ್ಡ್ ಮೂಲದಲ್ಲಿ ಇಂಗ್ಲೆಂಡಿನ ರೆಡ್ಡಿಚ್ ಊರಿನ ಕಂಪನಿ. ನಮ್ಮ ಸೇನೆ 1950ರ ದಶಕದಲ್ಲಿ ಗಡಿ ಕಾವಲಿಗೆ ಬುಲೆಟ್‌ಗಳನ್ನು ತರಿಸಿಕೊಂಡಿತು. 1955ರಲ್ಲಿ ಮದ್ರಾಸ್ ಮೋಟಾರ್ಸ್ ಜೊತೆ ಸೇರಿ ಎನ್‌ಫೀಲ್ಡ್ ಇಂಡಿಯಾ ಶುರುವಾಯಿತು. ಕಾರ್ಖಾನೆ ಮದ್ರಾಸಿನ ತಿರುವೊತ್ತಿಯೂರಿನಲ್ಲಿ. ಮೊದಲು ಇಂಗ್ಲೆಂಡಿನಿಂದ ಭಾಗ ತರಿಸಿ ಜೋಡಿಸುತ್ತಿದ್ದರು. 1960ರ ದಶಕದ ಆರಂಭದ ಹೊತ್ತಿಗೆ ಎಲ್ಲವೂ ಇಲ್ಲೇ ತಯಾರಾಗತೊಡಗಿತು.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಕಾಲಕ್ಕೆ ಸರಿಯಾದ ಭಾಗ ಯಾವುದು ಅನ್ನುವುದು ಇದರ ಮೇಲೇ ನಿಂತಿದೆ. 1956ರ ಗಾಡಿಯಲ್ಲಿ ಇಂಗ್ಲೆಂಡಿನ ಲೂಕಾಸ್ ಗುರುತಿನ ಎಲೆಕ್ಟ್ರಿಕ್ ಸಾಮಾನು ಇದ್ದರೆ ಅದು ಸಹಜ. ಲೂಕಾಸ್-ಟಿವಿಎಸ್ ಶುರುವಾದದ್ದೇ 1961ರಲ್ಲಿ. ಹಾಗಾಗಿ ಆ ಗುರುತಿನ ಕಾಯಿಲ್ ನನ್ನ 1967ರ ಗಾಡಿಗೆ ಸರಿ, 1956ರದ್ದಕ್ಕೆ ಸರಿಯಲ್ಲ. ಸ್ಪಾರ್ಕ್ ಪ್ಲಗ್ ವಿಷಯಕ್ಕೆ ಬಂದರೆ, ಬೆಂಗಳೂರಿನ ಆಡುಗೋಡಿಯ ಮೈಕೋ ಪ್ಲಗ್ ಆ ಕಾಲದಲ್ಲಿ ಮನೆಮಾತಾಗಿತ್ತು. ಟ್ಯಾಂಕಿನ ಮೇಲಿನ ಹೆಸರೂ ಹಾಗೆಯೇ. ನಡುವೆ ಎಷ್ಟೋ ವರ್ಷ ಬರೀ 'ಎನ್‌ಫೀಲ್ಡ್' ಅಂತ ಇತ್ತು. ಇವತ್ತಿನ ಶೋರೂಮಿನ ಬ್ಯಾಡ್ಜ್ ತಂದು ಅಂಟಿಸುವ ಮೊದಲು ನಿಮ್ಮ ಮನೆಯ ಹಳೆ ಆಲ್ಬಮ್ ತೆಗೆಯಿರಿ. ಮಾವನ ಮದುವೆ ಫೋಟೋದಲ್ಲಿ ಮದುಮಗನ ಹಿಂದೆ ಈ ಗಾಡಿ ಅರ್ಧ ಕಾಣುತ್ತದೆ. ಹ್ಯಾಂಡಲ್, ಹಾರ್ನ್, ಹಿಂದಿನ ಲೈಟ್ ಯಾವುದು ಅಂತ ನನಗೆ ಗೊತ್ತಾಗಿದ್ದು ಆ ಒಂದು ಫೋಟೋದಿಂದ.

ಬಿಚ್ಚುವುದು

ಇಲ್ಲಿ ಆತುರ ಬೇಡ. ಬಿಚ್ಚುವ ಮೊದಲು ಸುಮಾರು 200 ಫೋಟೋ ತೆಗೆಯಿರಿ. ಮುಖ್ಯವಾಗಿ ಕೇಬಲ್ ಯಾವ ದಾರಿಯಲ್ಲಿ ಹೋಗಿದೆ, ವಾಷರ್ ಎಷ್ಟಿದೆ, ಬೋಲ್ಟ್ ಯಾವ ಕಡೆಯಿಂದ ತೂರಿದೆ, ಇವು. ಪ್ರತಿ ಭಾಗದ ನಟ್ಟು ಬೋಲ್ಟನ್ನು ಬೇರೆ ಬೇರೆ ಡಬ್ಬಿಗೆ ಹಾಕಿ, ಮೇಲೆ ಹೆಸರು ಬರೆಯಿರಿ. ಡಬ್ಬಿಯ ಮುಚ್ಚಳದ ಮೇಲೆ ಬರೆಯಬೇಡಿ, ಮುಚ್ಚಳ ಅದಲು ಬದಲಾಗುತ್ತದೆ.

ಹಳೆ ಬುಲೆಟ್‌ನ ಬೋಲ್ಟುಗಳಲ್ಲಿ ಇಂಗ್ಲಿಷ್ ಮರೆ (ಥ್ರೆಡ್) ಇರುತ್ತದೆ. ವಿಟ್‌ವರ್ಥ್, ಬಿಎಸ್‌ಎಫ್ ಅನ್ನುವ ಇಂಚಿನ ಅಳತೆಯವು, ಜೊತೆಗೆ ಇಂಚಿಗೆ 26 ಸುತ್ತಿನ ಸೈಕಲ್ ಮರೆ. ಮಿಲಿಮೀಟರ್ ಸ್ಪ್ಯಾನರ್ ಹಾಕಿದರೆ ಕೂತ ಹಾಗೆ ಅನ್ನಿಸುತ್ತದೆ, ಜೋರು ಹಾಕಿದಾಗ ಮೂಲೆ ಸವೆದು ಗುಂಡಗಾಗುತ್ತದೆ. ಒಂದು ಸೆಟ್ ವಿಟ್‌ವರ್ಥ್ ಸ್ಪ್ಯಾನರ್ ಕೊಳ್ಳಿ. ಸಂಡೇ ಬಜಾರಿನಲ್ಲಿ ಹಳೆಯವು ಸಿಗುತ್ತವೆ, ಅವೇ ಗಟ್ಟಿ. ಮರೆ ಕೆಟ್ಟಿದೆ ಅಂತ ಲೇತ್‌ನವರು ಮಿಲಿಮೀಟರ್ ಮರೆ ಹೊಡೆದುಕೊಡುತ್ತೇನೆ ಅಂದರೆ ಒಪ್ಪಬೇಡಿ. ಒಮ್ಮೆ ಹೊಡೆದರೆ ಆ ಜಾಗದ ಮೂಲ ಬೋಲ್ಟ್ ಮತ್ತೆ ಯಾವತ್ತೂ ಕೂರುವುದಿಲ್ಲ. ಹೆಲಿಕಾಯಿಲ್ (ಕೆಟ್ಟ ತೂತಿನೊಳಗೆ ಕೂರಿಸುವ ಸ್ಪ್ರಿಂಗಿನಂಥ ಮರೆ) ಹಾಕಿಸಿ ಅದೇ ಮರೆ ಉಳಿಸಿಕೊಳ್ಳಿ.

ಬಿಗಿದು ಕೂತ ಬೋಲ್ಟಿಗೆ ಡೀಸೆಲ್ ಜೊತೆ ಸ್ವಲ್ಪ ಗೇರ್ ಆಯಿಲ್ ಬೆರೆಸಿ ಹಾಕಿ ಎರಡು ದಿನ ಬಿಡಿ. ಇಂಜಿನ್ ಜಾಮ್ ಆಗಿದ್ದರೆ ಪ್ಲಗ್ ತೆಗೆದು ಅದೇ ಮಿಶ್ರಣವನ್ನು ಒಳಗೆ ಹಾಕಿ ಒಂದು ವಾರ ಕಾಯಿರಿ. ಕಿಕ್ ಮೇಲೆ ಹತ್ತಿ ಕುಣಿಯಬೇಡಿ. ಗೇರ್‌ಬಾಕ್ಸ್ ಒಳಗಿನ ಹಲ್ಲು ಹೋಗುತ್ತದೆ.

ಒಂದು ಎಚ್ಚರಿಕೆ. ಆ ಕಾಲದ ಬ್ರೇಕ್ ಲೈನರ್‌ಗಳಲ್ಲಿ ಕಲ್ನಾರು ಇರುತ್ತಿತ್ತು. ಡ್ರಮ್ ಒಳಗಿನ ಪುಡಿಗೆ ಗಾಳಿ ಹೊಡೆಯಬೇಡಿ. ಮಾಸ್ಕ್ ಹಾಕಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಬಿಸಾಡಿ.

ಯಾವುದನ್ನೂ ಈಗಲೇ ಎಸೆಯಬೇಡಿ. ಮುರಿದ ಕೇಬಲ್, ಒಡೆದ ರಬ್ಬರ್, ಸವೆದ ಬುಷ್ ಎಲ್ಲವೂ ಅಳತೆಗೆ ಬೇಕು. ನಾನು ತುಕ್ಕು ಹಿಡಿದ ಸೈಡ್‌ಕಾರ್ ಕ್ಲ್ಯಾಂಪ್ ಎರಡನ್ನು ಕಬ್ಬಿಣದ ತೂಕಕ್ಕೆ ಹಾಕಿದೆ. ಅಂಥದ್ದೇ ಮತ್ತೆ ಸಿಗಲಿಲ್ಲ. ಫೋಟೋ ನೋಡಿ ಮಾಡಿಸಬೇಕಾಯಿತು.

ತುಕ್ಕು ಮತ್ತು ಫ್ರೇಮ್

ಸಣ್ಣ ಸಾಮಾನುಗಳಿಗೆ ಸಿಟ್ರಿಕ್ ಆಸಿಡ್ ಸಾಕು. ದಿನಸಿ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪು. ಬಿಸಿನೀರಿನಲ್ಲಿ ಕರಗಿಸಿ ಒಂದು ರಾತ್ರಿ ನೆನೆಹಾಕಿ. ಬೆಳಿಗ್ಗೆ ತೆಗೆದು ಅಡುಗೆ ಸೋಡಾ ಕರಗಿಸಿದ ನೀರಿನಲ್ಲಿ ತೊಳೆದು, ಒಣಗಿಸಿ, ಕೂಡಲೇ ಎಣ್ಣೆ ಸವರಿ. ಅರ್ಧ ಗಂಟೆ ತಡ ಮಾಡಿದರೂ ಕೆಂಪು ತುಕ್ಕು ಮತ್ತೆ ಮೂಡುತ್ತದೆ. ಸ್ಪ್ರಿಂಗುಗಳನ್ನು ಮಾತ್ರ ಆಸಿಡ್‌ಗೆ ಹಾಕಬೇಡಿ, ಪೆಡಸಾಗಿ ಮುರಿಯುತ್ತವೆ.

ಪೆಟ್ರೋಲ್ ಟ್ಯಾಂಕಿಗೆ ಸ್ಯಾಂಡ್ ಬ್ಲಾಸ್ಟಿಂಗ್ ಬೇಡ. ತಗಡು ತೆಳ್ಳಗಿದೆ, ಸೊಟ್ಟ ಆಗುತ್ತದೆ. ಪೇಂಟ್ ರಿಮೂವರ್ ಹಚ್ಚಿ ಕೆರೆಯಿರಿ. ತೂತು ಇದ್ದರೆ ಬೆಸುಗೆಗೆ ಕೊಡುವ ಮೊದಲು ಸೋಪು ಹಾಕಿದ ಬಿಸಿನೀರಿನಿಂದ ಎರಡು ಮೂರು ಸಲ ತೊಳೆಯಿರಿ. ಎಷ್ಟೇ ವರ್ಷದಿಂದ ಒಣಗಿದ್ದರೂ ಒಳಗೆ ಪೆಟ್ರೋಲ್ ಆವಿ ಉಳಿದಿರುತ್ತದೆ. ಜೀವಕ್ಕೆ ಅಪಾಯ. ಟ್ಯಾಂಕ್ ಕೆಲಸ ಗೊತ್ತಿರುವವರಿಗೇ ಕೊಡಿ.

ಫ್ರೇಮನ್ನು ಬಣ್ಣಕ್ಕೆ ಕೊಡುವ ಮೊದಲು ನೇರ ಇದೆಯಾ ನೋಡಿ. ಸೈಡ್‌ಕಾರ್ ಎಳೆದ ಫ್ರೇಮ್ ಒಂದು ಕಡೆಗೆ ತಿರುಚಿಕೊಂಡಿರುವ ಸಾಧ್ಯತೆ ಜಾಸ್ತಿ. ತಲೆಯ ಪೈಪಿನಿಂದ ಹಿಂದಿನ ಆಕ್ಸಲ್‌ವರೆಗೆ ಎರಡೂ ಬದಿಗೆ ದಾರ ಕಟ್ಟಿ ಅಳೆಯಿರಿ. ಸೈಡ್‌ಕಾರ್ ಹಿಡಿಯುವ ಜಾಗಗಳಲ್ಲಿ ಕೂದಲೆಳೆಯಷ್ಟು ಬಿರುಕು ಇದೆಯಾ ಅಂತ ಟಾರ್ಚ್ ಹಾಕಿ ನೋಡಿ. ಸಂಶಯ ಬಂದರೆ ಆ ಜಾಗಕ್ಕೆ ಸೀಮೆಎಣ್ಣೆ ಸವರಿ, ಒರೆಸಿ, ಮೇಲೆ ಚಾಕ್ ಪುಡಿ ಹಚ್ಚಿ. ಬಿರುಕಿದ್ದರೆ ಒಳಗೆ ಸೇರಿದ ಎಣ್ಣೆ ಚಾಕಿನ ಮೇಲೆ ಗೆರೆಯಾಗಿ ಮೂಡುತ್ತದೆ. ನನ್ನ ಫ್ರೇಮಿನಲ್ಲಿ ಎಡಗಡೆಯ ಕೆಳಗಿನ ಹಿಡಿಕೆಯ ಹತ್ತಿರ ಅಂಥ ಒಂದು ಗೆರೆ ಸಿಕ್ಕಿತು, ಒಂದು ಇಂಚು ಉದ್ದ. ಬಣ್ಣ ಬಳಿದಿದ್ದರೆ ಅದು ಮುಚ್ಚಿಹೋಗುತ್ತಿತ್ತು. ರಸ್ತೆಯಲ್ಲೇ ಬಿಟ್ಟುಕೊಳ್ಳುತ್ತಿತ್ತು.

ಪೌಡರ್ ಕೋಟಿಂಗ್ ಬಗ್ಗೆ ನನ್ನದೇ ಅನುಭವ ಕೇಳಿ. ಒಂದು ಕಡೆ ಫ್ರೇಮ್ ಕೊಟ್ಟಿದ್ದೆ. ನಂಬರ್ ಇರುವ ಜಾಗವನ್ನು ಮುಚ್ಚದೆ ಬ್ಲಾಸ್ಟ್ ಮಾಡಿ, ದಪ್ಪ ಕೋಟಿಂಗ್ ಹೊಡೆದರು. ಬೇರಿಂಗ್ ಕಪ್ ಕೂರುವ ಜಾಗ, ಮರೆ ಎಲ್ಲದರ ಒಳಗೂ ಬಣ್ಣ. ಚಾಸಿ ನಂಬರ್ ಓದಲಿಕ್ಕೇ ಆಗುತ್ತಿರಲಿಲ್ಲ. ಮೂರು ಭಾನುವಾರ ಕೂತು ಕೆರೆದು ಬಿಡಿಸಿದೆ. ನಂಬರಿನ ಮೇಲೆ ನೀವೇ ದಪ್ಪ ಟೇಪ್ ಹಾಕಿ, ಮರೆಗಳಿಗೆ ಹಳೆ ಬೋಲ್ಟ್ ತಿರುಗಿಸಿ, ಆಮೇಲೆ ಕೊಡಿ. ನನ್ನ ಅಭಿಪ್ರಾಯ ಕೇಳಿದರೆ ಹಳೆ ಗಾಡಿಗೆ ಪೌಡರ್ ಕೋಟಿಂಗೇ ಬೇಡ. ಅದರ ಹೊಳಪು ಪ್ಲಾಸ್ಟಿಕ್ಕಿನ ಹಾಗೆ ಕಾಣುತ್ತದೆ.

ಇಂಜಿನ್

350 ಬುಲೆಟ್‌ನ ಬೋರ್ (ಸಿಲಿಂಡರಿನ ಒಳ ಅಗಲ) 70 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 90 ಮಿ.ಮೀ. ಒಟ್ಟು 346 ಸಿಸಿ. ಆ ಉದ್ದ ಸ್ಟ್ರೋಕಿನಿಂದಲೇ ಕಡಿಮೆ ವೇಗದಲ್ಲಿ ಎಳೆಯುವ ಶಕ್ತಿ. ಸೈಡ್‌ಕಾರ್‌ಗೆ ಬೇಕಾದದ್ದೂ ಅದೇ.

ಬ್ಯಾರೆಲ್ (ಸಿಲಿಂಡರ್) ಬಿಚ್ಚಿ ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆಸಿ. ಸವೆದಿದ್ದರೆ ಬೋರ್ ಮಾಡಿಸಬೇಕು. ಪಿಸ್ಟನ್ 20, 40 ಓವರ್‌ಸೈಜಿನಲ್ಲಿ ಸಿಗುತ್ತದೆ, ಅಂದರೆ ಇಂಚಿನ ಸಾವಿರದಲ್ಲಿ 20 ಅಥವಾ 40 ಭಾಗ ದೊಡ್ಡದು. ಮೊದಲು ಪಿಸ್ಟನ್ ಕೊಂಡು, ಅದನ್ನು ಕೈಯಲ್ಲಿ ಹಿಡಿದುಕೊಂಡೇ ಬೋರಿಂಗ್ ಅಂಗಡಿಗೆ ಹೋಗಿ. ಅಳತೆ ಆ ಪಿಸ್ಟನ್ನಿಗೆ ಹೊಂದಬೇಕು, ಪುಸ್ತಕಕ್ಕಲ್ಲ. 20ರಲ್ಲಿ ಮುಗಿಯುವುದಾದರೆ 40ಕ್ಕೆ ಹೋಗಬೇಡಿ. ಮುಂದಿನವರಿಗೆ ಒಂದು ಬೋರ್ ಉಳಿಯಲಿ.

ಟೈಮಿಂಗ್ ಕಡೆ ಎರಡು ವಿಷಯ ನೆನಪಿಡಿ. ಕ್ರ್ಯಾಂಕಿನ ತುದಿಯಲ್ಲಿ ಆಯಿಲ್ ಪಂಪನ್ನು ತಿರುಗಿಸುವ ವರ್ಮ್ ನಟ್ ಇದೆ. ಅದಕ್ಕೆ ಎಡ ಮರೆ. ಎಲ್ಲ ನಟ್ಟಿನ ಹಾಗೆ ಬಿಚ್ಚಲು ಹೋದರೆ ಇನ್ನೂ ಬಿಗಿಯಾಗುತ್ತದೆ, ಕೊನೆಗೆ ಕ್ರ್ಯಾಂಕಿನ ಮರೆಯೇ ಹೋಗುತ್ತದೆ. ಎರಡನೆಯದು, ಟೈಮಿಂಗ್ ಕವರ್ ಒಳಗಿನ ಪುಟ್ಟ ಕಾರ್ಕ್ ಸೀಲ್. ನೋಡಲು ಔಷಧಿ ಬಾಟಲಿಯ ಬಿರಡೆಯ ಚೂರಿನಂತಿದೆ. ಬಿಗ್ ಎಂಡ್‌ಗೆ (ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಸೇರುವ ಕಡೆಯ ಬೇರಿಂಗ್) ಹೋಗುವ ಆಯಿಲ್ ಪೂರ್ತಿ ಈ ಸೀಲಿನ ಮೂಲಕವೇ ಹೋಗುವುದು. ಕವರ್ ತೆಗೆದಾಗಲೆಲ್ಲ ಹೊಸದು ಹಾಕಿ. ಹಳೆಯದನ್ನೇ ಹಾಕಿ ಬಿಗ್ ಎಂಡ್ ಸುಟ್ಟುಕೊಂಡವರನ್ನು ನಾನು ಕಂಡಿದ್ದೇನೆ.

ಬುಲೆಟ್‌ನ ಆಯಿಲ್ ಟ್ಯಾಂಕ್ ಕ್ರ್ಯಾಂಕ್‌ಕೇಸ್ ಒಳಗೇ ಇದೆ. ಅದರ ತಳದಲ್ಲಿ ಕಪ್ಪು ಹೂಳು ಕೂತಿರುತ್ತದೆ. ನನ್ನದರಲ್ಲಿ ಅರ್ಧ ಲೋಟದಷ್ಟು ಸಿಕ್ಕಿತು, ಸುಟ್ಟ ಬೆಲ್ಲದ ಪಾಕದ ಹಾಗೆ. ಸೀಮೆಎಣ್ಣೆ ಹಾಕಿ ಬ್ರಷ್‌ನಿಂದ ಪೂರ್ತಿ ತೆಗೆಯಿರಿ. ಆಯಿಲ್ ದಾರಿಗಳಿಗೆ ಗಾಳಿ ಹೊಡೆದು ಆ ಕಡೆಯಿಂದ ಬರುತ್ತಿದೆಯಾ ಕೈ ಇಟ್ಟು ನೋಡಿ.

ಜೋಡಿಸುವಾಗಿನ ಅಳತೆಗಳು ಇವು. ಟ್ಯಾಪೆಟ್ (ವಾಲ್ವ್ ಸಡಿಲ): ಇಂಜಿನ್ ತಣ್ಣಗಿರಬೇಕು, ಪಿಸ್ಟನ್ ಕಂಪ್ರೆಷನ್‌ನಲ್ಲಿ ಮೇಲಿರಬೇಕು. ಪುಶ್‌ರಾಡ್ ಬೆರಳಿನಲ್ಲಿ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಅಲುಗಬಾರದು. ಪಾಯಿಂಟ್ (ಕಿಡಿಗಾಗಿ ತೆರೆದು ಮುಚ್ಚುವ ಸ್ವಿಚ್) ಗ್ಯಾಪ್: 0.35ರಿಂದ 0.40 ಮಿ.ಮೀ. ಕಾಯಿಲ್ ಇಗ್ನಿಷನ್ ಇರುವ ಗಾಡಿಗೆ ಟೈಮಿಂಗ್: ಅಡ್ವಾನ್ಸ್ ಪೂರ್ತಿ ಹಿಂದಿರುವಾಗ ಪಿಸ್ಟನ್ ಮೇಲಿನ ತುದಿ ಮುಟ್ಟಲು 0.8 ಮಿ.ಮೀ. ಇರುವಾಗ ಪಾಯಿಂಟ್ ತೆರೆಯಬೇಕು. ತೆರೆಯುವ ಕ್ಷಣ ಹಿಡಿಯಲು ಪಾಯಿಂಟಿನ ನಡುವೆ ತೆಳು ಕಾಗದದ ಚೂರು ಇಡಿ. ಮೆಲ್ಲಗೆ ಎಳೆಯುತ್ತಾ ಇಂಜಿನ್ ತಿರುಗಿಸಿ. ಕಾಗದ ಜಾರಿದ ಕ್ಷಣವೇ ಅದು. ಮ್ಯಾಗ್ನೆಟೋ ಇರುವ ಹಳೆಯ ಗಾಡಿಗೆ ಲೆಕ್ಕ ಬೇರೆ, ಅದರ ಮ್ಯಾನುಯಲ್ ನೋಡಿ.

ಗೇರ್‌ಬಾಕ್ಸ್ ಆಲ್ಬಿಯನ್ ಮಾದರಿಯದು, ನಾಲ್ಕು ಗೇರ್, ಬಲಗಾಲಿಗೆ. ಹಿಮ್ಮಡಿಯಿಂದ ಒತ್ತಿದರೆ ನ್ಯೂಟ್ರಲ್‌ಗೆ ಬರುವ ಪುಟ್ಟ ಲಿವರ್ ಇದೆಯಲ್ಲ, ಅದನ್ನು ಎಷ್ಟೋ ಜನ ಬೇಡ ಅಂತ ತೆಗೆದುಬಿಟ್ಟಿರುತ್ತಾರೆ. ಹುಡುಕಿ ಹಾಕಿ. ಸಿಗ್ನಲ್‌ನಲ್ಲಿ ಸೈಡ್‌ಕಾರ್ ಸಮೇತ ನಿಂತಾಗ ಅದರ ಬೆಲೆ ಗೊತ್ತಾಗುತ್ತದೆ. ಸೈಡ್‌ಕಾರ್ ಎಳೆಯಲು ಗೇರ್‌ಬಾಕ್ಸ್ ಸ್ಪ್ರಾಕೆಟ್ ಒಂದೆರಡು ಹಲ್ಲು ಕಡಿಮೆಯದ್ದು ಹಾಕುವುದು ಹಳೇ ರೂಢಿ. ವೇಗ ಸ್ವಲ್ಪ ಕಡಿಮೆ, ಘಾಟಿ ಹತ್ತುವಾಗ ಕ್ಲಚ್‌ಗೆ ಆರಾಮ.

ಹೊರಗಿನ ಪಾಲಿಶ್ ಬಗ್ಗೆ ಒಂದು ಮಾತು. ಪ್ರೈಮರಿ ಕವರ್, ಟೈಮಿಂಗ್ ಕವರ್ ಇವಕ್ಕೆ ಬಫಿಂಗ್ ಸರಿ. ಕ್ರ್ಯಾಂಕ್‌ಕೇಸ್ ಎರಕದ ಒರಟು ಮೈಯಲ್ಲೇ ಕಾರ್ಖಾನೆಯಿಂದ ಬಂದದ್ದು. ಅದನ್ನೂ ಕನ್ನಡಿ ಮಾಡಬೇಡಿ.

ವೈರಿಂಗ್ ಕಷ್ಟದ್ದಲ್ಲ. ಆ ಕಾಲದ್ದು 6 ವೋಲ್ಟ್. ಬ್ಯಾಟರಿಯ ಪಾಸಿಟಿವ್ ಅರ್ಥಿಂಗ್ ಆಗಿದೆಯಾ, ನೆಗೆಟಿವಾ ಮೊದಲು ನೋಡಿ. ಲೂಕಾಸ್ ಕಾಲದ ಗಾಡಿಗಳಲ್ಲಿ ಪಾಸಿಟಿವ್ ಅರ್ಥಿಂಗ್ ಸಾಮಾನ್ಯ. ಹೊಸ ತಾಮ್ರದ ತಂತಿ ಹಾಕಿ, ಹೊರಗೆ ಬಟ್ಟೆ ಹೆಣೆದ ತೋಳು ಹಾಕಿದರೆ ನೋಟ ಕೆಡುವುದಿಲ್ಲ. ಸೈಡ್‌ಕಾರ್‌ನ ಲೈಟಿಗೆ ಬೇರೆ ಅರ್ಥಿಂಗ್ ತಂತಿ ಎಳೆಯಿರಿ. ಬಣ್ಣ ಹೊಡೆದ ಕ್ಲ್ಯಾಂಪುಗಳ ಮೂಲಕ ಅರ್ಥಿಂಗ್ ಸಿಗುತ್ತದೆ ಅಂತ ನಂಬಬೇಡಿ.

ಪಾರ್ಟ್ ಹುಡುಕಾಟ

ಬೆಂಗಳೂರಿನವರಿಗೆ ಜೆ.ಸಿ. ರಸ್ತೆ, ಶಿವಾಜಿನಗರದ ಹಳೆ ಪಾರ್ಟ್ ಅಂಗಡಿಗಳು. ಚೆನ್ನೈನ ಪುದುಪೇಟೆ, ದೆಹಲಿಯ ಕರೋಲ್ ಬಾಗ್ ಕೂಡ ಬುಲೆಟ್ ಸಾಮಾನಿಗೆ ಹೆಸರುವಾಸಿ. ಮಾದರಿ ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಫೋಟೋ ತೋರಿಸಿ ಕೊಂಡ ಪಾರ್ಟ್ ಅರ್ಧಕ್ಕರ್ಧ ಹೊಂದುವುದಿಲ್ಲ.

ಒಳ್ಳೆಯ ಹಳೆ ಸ್ಟಾಕ್ ಗುರುತಿಸುವುದು ಹೇಗೆ? ಗಟ್ಟಿಯಾದ ಹಳದಿ ಗ್ರೀಸ್ ಮೆತ್ತಿ ಎಣ್ಣೆ ಕಾಗದದಲ್ಲಿ ಸುತ್ತಿರುತ್ತದೆ. ಪಾರ್ಟ್ ನಂಬರ್ ಆಳವಾಗಿ ಕೊರೆದಿರುತ್ತದೆ. ತೂಕ ಜಾಸ್ತಿ. ನಾನು ಒಂದು ಬ್ರೇಕ್ ಲಿವರ್ ಕೊಂಡಾಗ ಅಂಗಡಿಯಜ್ಜ ಎರಡನ್ನು ಮೇಜಿನ ಮೇಲೆ ಟಣ್ ಅಂತ ಬಡಿದು ತೋರಿಸಿದರು. "ಕೇಳಪ್ಪ, ಇದು ಗಂಟೆ ಥರ ಹೇಳ್ತದೆ. ಅದು ತಗಡು." ಆ ಸದ್ದನ್ನು ನಾನು ಮರೆತಿಲ್ಲ. ಈಗ ಎಲ್ಲಿ ಹೋದರೂ ಬಡಿದು ನೋಡಿಯೇ ಕೊಳ್ಳುತ್ತೇನೆ.

ನನ್ನ ಲೆಕ್ಕ ಹೀಗಿದೆ. ಗಾಡಿಯಲ್ಲಿದ್ದ ಭಾಗ ರಿಪೇರಿಯಾಗುವುದಾದರೆ ಅದೇ ಮೊದಲು. ಆಗದಿದ್ದರೆ ಇನ್ನೊಂದು ಹಳೆ ಗಾಡಿಯ ಭಾಗ. ಆಮೇಲೆ ಹಳೆ ಸ್ಟಾಕ್. ಹೊಸದಾಗಿ ತಯಾರಿಸಿದ್ದು ಕೊನೆಗೆ. ಆದರೆ ಟೈರ್, ಟ್ಯೂಬ್, ಬ್ರೇಕ್ ಲೈನರ್, ಕೇಬಲ್, ಪೆಟ್ರೋಲ್ ಪೈಪ್ ಇವು ಮಾತ್ರ ಹೊಸತೇ ಇರಲಿ. 50 ವರ್ಷ ಅಂಗಡಿಯಲ್ಲಿ ಮಲಗಿದ ಟೈರ್ ಕಾಲಕ್ಕೆ ಸರಿಯಾದದ್ದೇ ಇರಬಹುದು, ನಿಮ್ಮ ಮನೆಯವರನ್ನು ಸೈಡ್‌ಕಾರ್‌ನಲ್ಲಿ ಕೂರಿಸಿಕೊಂಡು ಹೋಗುವ ಟೈರ್ ಅದಲ್ಲ. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಇರುವುದರಿಂದ ಹಳೆ ರಬ್ಬರ್ ಬೇಗ ಊದುತ್ತದೆ, ಅದಕ್ಕೆ ತಕ್ಕ ಪೈಪನ್ನೇ ಕೊಳ್ಳಿ.

ಬಣ್ಣ

ಮೂಲ ಬಣ್ಣ ಎಲ್ಲೋ ಅಡಗಿ ಕೂತಿರುತ್ತದೆ. ಟ್ಯಾಂಕಿನ ಎರಡೂ ಬದಿಯ ಮಂಡಿ ರಬ್ಬರ್ ಬಿಚ್ಚಿ ನೋಡಿ. ಟೂಲ್ ಬಾಕ್ಸ್ ಮುಚ್ಚಳದ ಒಳಗೆ, ಸೀಟಿನ ಕೆಳಗೆ ನೋಡಿ. ನನ್ನ ಗಾಡಿಗೆ ಮೇಲೆ ಹಸಿರು, ಅದರ ಕೆಳಗೆ ನೀಲಿ. ಮಂಡಿ ರಬ್ಬರ್ ಎತ್ತಿದಾಗ ಅಂಗೈಯಷ್ಟು ಜಾಗದಲ್ಲಿ ಕಪ್ಪು, ಅದರ ಅಂಚಿಗೆ ಚಿನ್ನದ ಬಣ್ಣದ ಗೆರೆ. ಗೆರೆ ಒಂದೇ ಸಮ ಇರಲಿಲ್ಲ. ಒಂದು ಕಡೆ ಎರಡು ಮಿ.ಮೀ., ತಿರುವಿನಲ್ಲಿ ಮೂರು. ಕುಂಚ ಒತ್ತಿದ ಗುರುತು ಕಾಣುತ್ತಿತ್ತು. ಮದ್ರಾಸಿನ ಕಾರ್ಖಾನೆಯಲ್ಲಿ ಆ ಗೆರೆಗಳನ್ನು ಕೈಯಲ್ಲೇ ಎಳೆಯುತ್ತಿದ್ದರು. ನಾನು ಸ್ವಲ್ಪ ಹೊತ್ತು ಸುಮ್ನೆ ನೋಡುತ್ತಾ ಕೂತೆ.

ಆದ್ದರಿಂದ ಸ್ಟಿಕ್ಕರ್ ಗೆರೆ ಹಾಕಿಸಬೇಡಿ. ಬೋರ್ಡ್ ಬರೆಯುವ ಪೇಂಟರ್‌ಗಳಲ್ಲಿ ಹಳಬರನ್ನು ಹುಡುಕಿ. ಅವರ ಕೈಗೆ ಈ ಕೆಲಸ ಸಲೀಸು. ನನ್ನ ಟ್ಯಾಂಕಿನ ಗೆರೆ ಎಳೆದವರು ಲಾರಿಗಳ ಹಿಂದೆ ಹಂಸ ಬರೆಯುತ್ತಿದ್ದವರು. ಮಂಡಿ ರಬ್ಬರ್ ಕೆಳಗಿನ ಆ ಅಂಗೈಯಗಲ ಹಳೆ ಬಣ್ಣವನ್ನು ಹಾಗೇ ಬಿಟ್ಟಿದ್ದೇನೆ.

ಸೈಡ್‌ಕಾರ್

ನಮ್ಮಲ್ಲಿ ರಸ್ತೆಯ ಎಡಗಡೆ ಓಡಿಸುವುದರಿಂದ ಸೈಡ್‌ಕಾರ್ ಎಡಕ್ಕೇ ಇರಬೇಕು. ಹಳೆ ಬುಲೆಟ್‌ನ ಕಿಕ್, ಗೇರ್ ಎರಡೂ ಬಲಕ್ಕೆ ಇರುವುದರಿಂದ ಅನುಕೂಲ. ಆದರೆ ಬ್ರೇಕ್ ಪೆಡಲ್ ಎಡಕ್ಕಿದೆ. ಸೈಡ್‌ಕಾರ್ ಚಾಸಿಯ ಪೈಪ್ ಪೆಡಲ್ ಪೂರ್ತಿ ಕೆಳಗೆ ಹೋಗಲು ಅಡ್ಡ ಬರಬಾರದು. ಬೂಟು ಹಾಕಿಕೊಂಡು ಪರೀಕ್ಷಿಸಿ.

ಜನ ಕೂರುವ ಡಬ್ಬಿಯನ್ನು ಸೈಡ್‌ಕಾರ್ ಚಾಸಿಯಿಂದ ಬೇರೆ ಮಾಡಿ. ನಮ್ಮ ಹಳೆ ಸೈಡ್‌ಕಾರ್‌ಗಳಲ್ಲಿ ಎಷ್ಟೋ ಮರದ ಚೌಕಟ್ಟಿನ ಮೇಲೆ ತಗಡು ಹೊದಿಸಿದವು. ತಗಡು ಚೆನ್ನಾಗಿದ್ದರೂ ಒಳಗಿನ ಮರ ಲಡ್ಡಾಗಿರುತ್ತದೆ. ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಬಡಗಿಗೆ ಹಳೆ ಚೂರುಗಳನ್ನೇ ಕೊಟ್ಟು ತೇಗದಲ್ಲಿ ಅದೇ ಅಳತೆಗೆ ಮಾಡಿಸಿ. ಪ್ಲೈವುಡ್ ಬೇಡ, ಸ್ಕ್ರೂ ಹಿಡಿಯುವುದಿಲ್ಲ. ತಗಡಿನ ನೆಗ್ಗುಗಳನ್ನು ಟಿಂಕರಿಂಗ್‌ನಲ್ಲಿ ಎತ್ತಿಸಿ, ಪುಟ್ಟಿ ತುಂಬಿಸಬೇಡಿ. ಸೈಡ್‌ಕಾರ್ ಅಲುಗಾಟಕ್ಕೆ ದಪ್ಪ ಪುಟ್ಟಿ ಆರು ತಿಂಗಳಲ್ಲಿ ಬಿರುಕು ಬಿಡುತ್ತದೆ.

ಸೀಟು ಬಿಚ್ಚಿದಾಗ ಕೆಳಗೆ ಸ್ಪ್ರಿಂಗ್, ಮೇಲೆ ತೆಂಗಿನ ನಾರು, ಅದರ ಮೇಲೆ ರೆಕ್ಸಿನ್ ಇತ್ತು. ಫೋಮ್ ಹಾಕಿಸೋಣ ಅಂತ ಎಲ್ಲರೂ ಹೇಳಿದರು. ನಾನು ನಾರನ್ನೇ ಹಾಕಿಸಿದೆ. ಕೂತಾಗ ಕಿರುಗುಟ್ಟುವ ಆ ಸದ್ದು ಫೋಮಿನಲ್ಲಿ ಎಲ್ಲಿ ಬರುತ್ತದೆ, ಅಲ್ವಾ?

ಜೋಡಿಸುವುದು: ಇಲ್ಲಿ ಒಂದು ದಿನ ಪೂರ್ತಿ ಇಡಿ

ಇಡೀ ಕೆಲಸದಲ್ಲಿ ಅತಿ ಹೆಚ್ಚು ನಿರ್ಲಕ್ಷ್ಯಕ್ಕೆ ಒಳಗಾಗುವುದು ಇದೇ. ಎಷ್ಟೋ ಚಂದದ ಗಾಡಿಗಳು ಶೋಕೇಸಿನಲ್ಲೇ ಉಳಿಯುವುದೂ ಇದರಿಂದಲೇ. ಅಳತೆ ತಪ್ಪಿದ ಸೈಡ್‌ಕಾರ್ ಗಾಡಿಯನ್ನು ಒಂದು ಕಿಲೋಮೀಟರ್ ಓಡಿಸಿದರೆ ಭುಜ ನೋಯುತ್ತದೆ.

ಸಮತಟ್ಟಾದ ಸಿಮೆಂಟ್ ನೆಲ ಬೇಕು. ಮೂರೂ ಟೈರಿಗೆ ಸರಿಯಾದ ಗಾಳಿ. ಎರಡು ಮೀಟರಿಗಿಂತ ಉದ್ದದ ಎರಡು ನೇರ ಅಲ್ಯೂಮಿನಿಯಂ ಚಾನೆಲ್, ನಾಲ್ಕು ಇಟ್ಟಿಗೆ, ಒಂದು ತೂಗುಗುಂಡು, ಟೇಪು. ಬೈಕನ್ನು ಸೈಡ್‌ಕಾರ್‌ಗೆ ನಾಲ್ಕು ಕಡೆ ಹಿಡಿಸುವುದು, ಕೆಳಗೆ ಎರಡು, ಮೇಲೆ ಎರಡು. ಮೊದಲು ಕೆಳಗಿನವನ್ನು ಸಡಿಲವಾಗಿ ಹಾಕಿ. ಫ್ರೇಮಿಗೆ ಏನನ್ನೂ ಬೆಸೆಯಬೇಡಿ, ಕ್ಲ್ಯಾಂಪ್ ಸಾಕು.

ಮೊದಲ ಅಳತೆ, ಮುಂದಿಕೆ. ಸೈಡ್‌ಕಾರ್ ಚಕ್ರದ ಆಕ್ಸಲ್ ಬೈಕಿನ ಹಿಂದಿನ ಆಕ್ಸಲ್‌ಗಿಂತ ಸುಮಾರು 6ರಿಂದ 9 ಇಂಚು ಮುಂದಿರಬೇಕು. ಕಡಿಮೆಯಾದರೆ ಬಲಕ್ಕೆ ತಿರುಗುವಾಗ ಸೈಡ್‌ಕಾರ್ ಮೂತಿ ಕುಸಿಯುತ್ತದೆ. ತುಂಬಾ ಜಾಸ್ತಿಯಾದರೆ ಹ್ಯಾಂಡಲ್ ಭಾರ, ಟೈರ್ ಸವೆತ.

ಎರಡನೆಯದು, ಒಳಮುಖ. ಒಂದು ಚಾನೆಲನ್ನು ಇಟ್ಟಿಗೆ ಮೇಲಿಟ್ಟು ಬೈಕಿನ ಬಲಗಡೆ ಎರಡೂ ಟೈರಿಗೆ ತಾಗಿಸಿ. ಹ್ಯಾಂಡಲ್ ನೇರ ಇರಲಿ. ಇನ್ನೊಂದನ್ನು ಸೈಡ್‌ಕಾರ್ ಚಕ್ರದ ಹೊರಬದಿಗೆ ತಾಗಿಸಿ. ಈಗ ಎರಡು ಚಾನೆಲ್ ನಡುವಿನ ಅಂತರವನ್ನು ಮುಂದಿನ ಚಕ್ರದ ಮುಂದೆ ಒಮ್ಮೆ, ಹಿಂದಿನ ಚಕ್ರದ ಹಿಂದೆ ಒಮ್ಮೆ ಅಳೆಯಿರಿ. ಮುಂದಿನ ಅಳತೆ 12ರಿಂದ 20 ಮಿ.ಮೀ. ಕಡಿಮೆ ಇರಬೇಕು. ಕೆಳಗಿನ ಎರಡು ಹಿಡಿಕೆಗಳಿಂದ ಇದನ್ನು ಸರಿಮಾಡಿ, ಬಿಗಿ ಮಾಡಿ.

ಮೂರನೆಯದು, ಓರೆ. ಬೈಕ್ ಸೈಡ್‌ಕಾರ್‌ನಿಂದ ಆಚೆಗೆ, ಅಂದರೆ ಬಲಕ್ಕೆ, ಒಂದರಿಂದ ಎರಡು ಡಿಗ್ರಿ ವಾಲಿರಬೇಕು. ಹ್ಯಾಂಡಲ್ ನಡುವಿನಿಂದ ತೂಗುಗುಂಡು ಇಳಿಬಿಡಿ. ಒಂದು ಮೀಟರ್ ಎತ್ತರಕ್ಕೆ 20ರಿಂದ 30 ಮಿ.ಮೀ. ವ್ಯತ್ಯಾಸ ಬಂದರೆ ಸರಿ. ಮೇಲಿನ ಎರಡು ಹಿಡಿಕೆಗಳಿಂದ ಇದನ್ನು ಹೊಂದಿಸಬೇಕು. ನಿಮ್ಮಷ್ಟೇ ತೂಕದವರನ್ನು ಸೀಟಿನ ಮೇಲೆ ಕೂರಿಸಿ ಅಳೆಯಿರಿ. ಖಾಲಿ ಗಾಡಿಯ ಅಳತೆ ರಸ್ತೆಯಲ್ಲಿ ಉಳಿಯುವುದಿಲ್ಲ.

ಒಂದನ್ನು ಮುಟ್ಟಿದರೆ ಇನ್ನೊಂದು ಸ್ವಲ್ಪ ಬದಲಾಗುತ್ತದೆ. ಮೂರನ್ನೂ ಎರಡು ಮೂರು ಸುತ್ತು ಅಳೆಯಬೇಕು. ಬೇಸರ ಮಾಡಿಕೊಳ್ಳಬೇಡಿ. ನನಗೆ ಬೆಳಿಗ್ಗೆ ಎಂಟಕ್ಕೆ ಶುರುಮಾಡಿದ್ದು ದೀಪ ಹಚ್ಚುವ ಹೊತ್ತಿಗೆ ಮುಗಿಯಿತು.

ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಗಾಡಿ ಎಡಕ್ಕೆ ಎಳೆದರೆ ಬಲಕ್ಕೆ ಇನ್ನೂ ಸ್ವಲ್ಪ ಓರೆ ಮಾಡಿ. ಬಲಕ್ಕೆ ಎಳೆದರೆ ಓರೆ ಕಡಿಮೆ ಮಾಡಿ. ನಮ್ಮ ರಸ್ತೆ ಎಡ ಅಂಚಿಗೆ ಇಳಿಜಾರಾಗಿರುವುದರಿಂದ ಸ್ವಲ್ಪ ಎಡಕ್ಕೆ ಹೋಗುವುದು ಸಹಜ. 30 ಕಿ.ಮೀ. ಆಸುಪಾಸಿನಲ್ಲಿ ಹ್ಯಾಂಡಲ್ ತಲೆ ಅಲ್ಲಾಡಿಸಿದರೆ ಸ್ಟೀರಿಂಗ್ ಬೇರಿಂಗ್ ನೋಡಿ, ಸ್ಟೀರಿಂಗ್ ಡ್ಯಾಂಪರ್ ಇದ್ದರೆ ಅದರ ಗುಬುಟನ್ನು ಸ್ವಲ್ಪ ಬಿಗಿ ಮಾಡಿ.

ಮೊದಲ ಸ್ಟಾರ್ಟ್, ಮೊದಲ ಓಟ

20ಡಬ್ಲ್ಯು-50 ಆಯಿಲ್ ಹಾಕಿ. ಪ್ಲಗ್ ತೆಗೆದು 40-50 ಸಲ ಕಿಕ್ ತುಳಿದು ಆಯಿಲ್ ಮೇಲೇರಿಸಿ. ಸ್ಟಾರ್ಟ್ ಆದ ಕೂಡಲೇ ರಾಕರ್‌ಗೆ (ಇಂಜಿನ್ ತಲೆಯಲ್ಲಿ ವಾಲ್ವ್ ಒತ್ತುವ ಭಾಗ) ಹೋಗುವ ಸಣ್ಣ ಪೈಪಿನ ಬೋಲ್ಟನ್ನು ತುಸು ಸಡಿಲಿಸಿ ನೋಡಿ. ಆಯಿಲ್ ಒಸರಿದರೆ ಪಂಪ್ ಕೆಲಸ ಮಾಡುತ್ತಿದೆ. ಒಂದು ನಿಮಿಷದಲ್ಲಿ ಬರದಿದ್ದರೆ ಆಫ್ ಮಾಡಿ, ಕಾರಣ ಹುಡುಕಿ.

ಬೈಕ್ ಓಡಿಸಿ ಎಷ್ಟೇ ಅನುಭವ ಇದ್ದರೂ ಸೈಡ್‌ಕಾರ್ ಹೊಸ ವಿದ್ಯೆ. ಇಲ್ಲಿ ವಾಲುವುದಿಲ್ಲ, ಹ್ಯಾಂಡಲ್ ತಿರುಗಿಸಬೇಕು. ಆಕ್ಸಿಲರೇಟರ್ ಕೊಟ್ಟರೆ ಗಾಡಿ ಎಡಕ್ಕೆ ಎಳೆಯುತ್ತದೆ, ಬ್ರೇಕ್ ಹಿಡಿದರೆ ಬಲಕ್ಕೆ. ಎಡ ತಿರುವಿನಲ್ಲಿ ಸೈಡ್‌ಕಾರ್ ಚಕ್ರ ನೆಲ ಬಿಟ್ಟೇಳುತ್ತದೆ. ಆಗ ಗಾಬರಿಯಾಗಿ ಬ್ರೇಕ್ ಹಿಡಿಯಬೇಡಿ. ಮೆಲ್ಲಗೆ ಆಕ್ಸಿಲರೇಟರ್ ಬಿಡಿ, ರಸ್ತೆ ಖಾಲಿ ಇದ್ದರೆ ಹ್ಯಾಂಡಲ್ ಸ್ವಲ್ಪ ನೇರ ಮಾಡಿ. ಕಲಿಯುವಾಗ ಸೈಡ್‌ಕಾರ್‌ನಲ್ಲಿ 40 ಕಿಲೋ ಮರಳಿನ ಮೂಟೆ ಇಡಿ, ಖಾಲಿ ಮೈದಾನಕ್ಕೆ ಹೋಗಿ. ಆಕ್ಸಿಲರೇಟರ್, ಬ್ರೇಕ್, ಎಡ ತಿರುವು ಮೂರೂ ಕೈಗೆ ಹತ್ತುವ ತನಕ ಜನರನ್ನು ಕೂರಿಸಬೇಡಿ.

ಮೊದಲ 800 ಕಿಲೋಮೀಟರ್ ವೇಗ 50 ದಾಟಬಾರದು. ಘಾಟಿಯಲ್ಲಿ ನಡುವೆ ನಿಲ್ಲಿಸಿ ಇಂಜಿನ್ ತಣಿಯಲು ಬಿಡಿ. ಮೊದಲ 50 ಕಿಲೋಮೀಟರ್ ಆದ ಮೇಲೆ ನಾಲ್ಕೂ ಹಿಡಿಕೆಗಳ ಬೋಲ್ಟ್ ಬಿಗಿ ಮಾಡಿ, ಒಳಮುಖ ಮತ್ತೆ ಅಳೆಯಿರಿ. ನನ್ನದು ನಾಲ್ಕು ಮಿ.ಮೀ. ಸರಿದಿತ್ತು. 300 ಕಿಲೋಮೀಟರಿಗೆ ಆಯಿಲ್ ಬದಲಿಸಿ, ತಣ್ಣಗಿದ್ದಾಗ ಹೆಡ್ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿ, ಟ್ಯಾಪೆಟ್ ನೋಡಿ.

ಮರಳಿನ ಮೂಟೆ ಇಳಿಸಿದ ದಿನ ಸಕಲೇಶಪುರಕ್ಕೆ ಹೋದೆ. ಮಾವ ಸುತ್ತ ಒಂದು ಬಾರಿ ಬಂದರು. ಮಂಡಿ ರಬ್ಬರಿನ ಅಂಚನ್ನು ಉಗುರಿನಿಂದ ಎತ್ತಿ ಒಳಗೆ ಇಣುಕಿದರು. ಆಮೇಲೆ ಪಂಚೆ ಎತ್ತಿ ಕಟ್ಟಿ, ಏನೂ ಮಾತಾಡದೆ ಸೈಡ್‌ಕಾರ್ ಹತ್ತಿ ಕೂತರು. ನಾರಿನ ಸೀಟು ಕಿರ್ ಅಂದಿತು.